ಮಾವನ ಟೆರ್ಮೀನ್

ನನ್ನ ಸೋದರಮಾವನಿಗೆ ಜರ್ಮನ್ ಬರುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ಬರುವುದು ಒಂದೇ ಶಬ್ದ. ಆದರೆ ಆ ಒಂದು ಶಬ್ದದಿಂದ ಅವರು ತಮ್ಮೂರು ಬೊಬ್ರುವಾಡದಲ್ಲಿ ಎಬ್ಬಿಸಿದ ಗಲಾಟೆಯನ್ನು ಇಡೀ ಭಾಷೆ ಕಲಿತವರೂ ಎಬ್ಬಿಸಿರಲಾರರು!

ಊರಲ್ಲಿ ಒಬ್ಬೊಬ್ಬರ ಕೈಗೆ ಮೊಬೈಲು ಬರುತ್ತಿದ್ದ ಕಾಲ. ನಾನು ಮಾವನ ಮನೆಯಲ್ಲಿದ್ದು ಅಂಕೋಲೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಕಾರವಾರದ ಕಡಲತೀರದಲ್ಲಿ ಮಾವನಿಗೆ ಒಬ್ಬ ಜರ್ಮನ್ ಪ್ರವಾಸಿಯ ಪರಿಚಯವಾಯಿತು. ನಾಳೆ ಊಟಕ್ಕೆ ಬಾ ಎಂದು ಕರೆದರೆ, ಹಲ್ಲಿನ ಡಾಕ್ಟರ ಹತ್ತಿರ 'ಟೆರ್ಮೀನ್' ಇದೆ ಎಂದನಂತೆ. ಏನದು? ಮೊದಲೇ ಗೊತ್ತುಮಾಡಿಕೊಂಡ ಹೊತ್ತು. ಅವರ ದೇಶದಲ್ಲಿ ಡಾಕ್ಟರಿಗೆ, ಕಚೇರಿಗೆ, ಕಡೆಗೆ ಕಟಿಂಗಿಗೂ ಅದು ಬೇಕಂತೆ. ಇಂಥ ಶಬ್ದವಿಲ್ಲದೆ ತಾನು ನಿವೃತ್ತಿಯವರೆಗೆ ಹೇಗೆ ಬದುಕಿದೆ ಎಂದು ಮಾವನಿಗೇ ಆಶ್ಚರ್ಯವಾಯಿತು.

ಮರುದಿನ ಗೋಡೆಯ ಕ್ಯಾಲೆಂಡರಿನ ಪಕ್ಕ ದಾರ ಕಟ್ಟಿದ ಪೆನ್ನು ನೇತಾಡಿತು. ಮೊದಲು ಸಿಕ್ಕಿದವಳು ಮೀನು ಮಾರುವವಳು.

"ಇನ್ನು ಮೇಲೆ ಒಂಬತ್ತಕ್ಕೇ ಬರಬೇಕು. ಅದು ನಿನ್ನ ಟೆರ್ಮೀನ್."

"ಒಡ್ಯಾ, ಅದನ್ನ ಬಂಗಡೆಗೆ ಹೇಳಿ. ಅದು ಬಲೆಗೆ ಬಿದ್ದ ಮೇಲಲ್ವಾ ನಾ ಬರೂದು?"

ಒಂದು ವಾರ ನಮ್ಮ ಮನೆಯಲ್ಲಿ ಬೇಳೆಸಾರು.

ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಹಿತ್ತಿಲ ಬಾಗಿಲಿನಿಂದ ಬಂದರು. ನಮ್ಮಲ್ಲಿ ಅದೇ ರೂಢಿ. ಮಾವ ಅಡ್ಡ ನಿಂತು, "ಟೆರ್ಮೀನ್ ಇದ್ಯಾ?" ಎಂದರು.

"ನಂಗಿಲ್ಲ, ಹಾಲಿಗದೆ. ಈಗ ಹೆಪ್ಪು ಹಾಕ್ದಿದ್ರೆ ನಾಳೆ ಮೊಸರಿಲ್ಲ," ಎಂದು ಆಕೆ ಬಟ್ಟಲು ಹಿಡಿದು ಸೀದಾ ಒಳಗೆ ಹೋದರು.

ಈ ನಡುವೆ ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಕಾಯಿ ತುರಿಯುವಾಗ ಬೆರಳನ್ನೂ ತುರಿದುಕೊಳ್ಳುತ್ತಿದ್ದರು. ಆಪರೇಷನ್ ಆಗಲೇಬೇಕೆಂದು ಕಾರವಾರದ ಡಾಕ್ಟರು ಹೇಳಿದ್ದು ಅತ್ತೆಗೂ ಜೊತೆಗೆ ಹೋಗಿದ್ದ ನನಗೂ ಮಾತ್ರ ಗೊತ್ತಿತ್ತು. ಅತ್ತೆ ಹೇಳಲು ಹೋದಾಗಲೆಲ್ಲ ಮಾವ ಇನ್ಯಾರಿಗೋ ಹೊತ್ತು ಗೊತ್ತುಮಾಡುತ್ತಿದ್ದರು.

ಒಂದು ಬೆಳಿಗ್ಗೆ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕ್ಯಾಲೆಂಡರಿನ ಎದುರು ನಿಂತರು.

"ನಂಗೂ ಒಂದು ಟೆರ್ಮೀನ್ ಕೊಡಿ."

"ನಿಂಗೆಂತಕ್ಕೆ?"

"ಕಣ್ಣಿನ ಆಪ್ರೇಷನ್ ಮಾಡ್ಬೇಕಂತೆ. ಒಬ್ಳೇ ಹೋಗೂಕೆ ಹೆದ್ರಿಕೆ. ನಿಮ್ಗೆ ಯಾವಾಗ ಪುರ್ಸೊತ್ತು ನೋಡಿ."

ನಾನು ನಕ್ಕೆ. ಅತ್ತೆ ನಗಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿದ್ದರು.

ಮಾವನ ಕೈಯಿಂದ ಪೆನ್ನು ಜಾರಿತು. "ಮನೆಯವ್ರಿಗೆ ಅದು ಬೇಡ," ಎಂದರು.

"ಜರ್ಮನಿಲೂ ಹಂಗೇಯಾ?"

"ಅಲ್ಲಿದು ನಂಗೊತ್ತಿಲ್ಲ. ನೀ ಚಪ್ಪಲಿ ಮೆಟ್ಕೋ, ಬಸ್ಸು ಬರೂ ಹೊತ್ತಾಯ್ತು."

ಬಸ್ಸಿನಲ್ಲಿ ಅವರಿಬ್ಬರೂ ಒಂದೇ ಸೀಟಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾರವಾರ ಬರುವವರೆಗೂ ಮಾವ ಅತ್ತೆಯ ಕೈ ಬಿಡಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನನಗೆ ಅಳು ಬಂತು.