ಮದ್ದಿಲ್ಲದ ಮದ್ದಿನ ಗಿರಣಿ

ನನ್ನ ಸೋದರಮಾವ ಗೋವಾದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದು ಭಯಂಕರ ಸ್ಫೋಟವನ್ನು ಒಬ್ಬನೇ ತಡೆದು ನಿಲ್ಲಿಸಿದ್ದಾನೆ. ಇದು ಸರ್ಕಾರಕ್ಕೆ ಗೊತ್ತಿಲ್ಲ. ಊರಿನವರಿಗೂ ಗೊತ್ತಿಲ್ಲ. ಖರೇ ಹೇಳಬೇಕೆಂದರೆ, ಸ್ಫೋಟಕ್ಕೂ ಗೊತ್ತಿಲ್ಲ!

ಸಾಂಖಳಿಯಿಂದ ಸ್ವಲ್ಪ ಮುಂದೆ ಹಳ್ಳದ ದಂಡೆಯ ಮೇಲೆ ಪೋರ್ಚುಗೀಸರ ಕಾಲದ ಒಂದು ಹಾಳು ಗಿರಣಿಯಿದೆ. ಜೋಳ ಬೀಸುವ ಗಿರಣಿಯಲ್ಲ. ತೋಪಿಗೆ, ಬಂದೂಕಿಗೆ ತುಂಬುವ ಕರಿಮದ್ದು ಅರೆಯುತ್ತಿದ್ದ ಗಿರಣಿ. ಹಳ್ಳದ ನೀರು ಚಕ್ರವನ್ನು ತಿರುಗಿಸುತ್ತಿತ್ತು, ಚಕ್ರ ಎರಡು ದೊಡ್ಡ ಗಾಲಿಕಲ್ಲುಗಳನ್ನು ತಿರುಗಿಸುತ್ತಿತ್ತು, ಅವುಗಳಡಿ ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿ ನುಣ್ಣಗಾಗುತ್ತಿದ್ದವು. ಅರೆಯುವುದು ನಿಂತು ನಮ್ಮ ಅಜ್ಜನ ಅಜ್ಜನ ಕಾಲವಾಯಿತು. ಈಗ ಉಳಿದಿರುವುದು ನಾಲ್ಕು ಗೋಡೆ, ಎರಡು ಕಲ್ಲು ಮತ್ತು ನಮ್ಮ ಮಾಮಾ. ವಿಜಯಪುರದ ಕಡೆಯಿಂದ ಗೌಂಡಿ ಕೆಲಸಕ್ಕೆಂದು ಬಂದವನು ಜಾಗದ ಮಾಲೀಕರ ಮಾತಿಗೆ ಕಾವಲುಗಾರನಾಗಿ ಇಲ್ಲೇ ಬೇರುಬಿಟ್ಟ.

ಅವನಿಗಿಂತ ಮುಂಚೆ ಇದ್ದ ಕಾವಲುಗಾರ ಒಬ್ಬ ಕೊಂಕಣಿ ಮುದುಕ. ಅವನ ಅಜ್ಜನಿಗೆ ಈ ಗಿರಣಿಯಲ್ಲೇ ಕೆಲಸವಂತೆ. ಮುದುಕ ಹೊರಟ ದಿನ ಬೀಗದ ಕೈ ಕೊಟ್ಟು, ಜೊತೆಗೆ ಗಿರಣಿಯ ಕಟ್ಟುಪಾಡುಗಳನ್ನೂ ಒಪ್ಪಿಸಿದ. ಒಳಗೆ ಬರಿಗಾಲಲ್ಲೇ ಬರಬೇಕು. ಕಬ್ಬಿಣ ತರಬಾರದು, ಕಲ್ಲಿಗೆ ತಾಗಿದರೆ ಕಿಡಿ ಹಾರುತ್ತದೆ. ನೆಲ ಸದಾ ತೇವವಾಗಿರಬೇಕು. ಕೊನೆಯದಾಗಿ, "ಉಜೊ ನಾಕಾ", ಬೆಂಕಿ ಬೇಡ. ಮಾಮಾ ಕಲಿತ ಮೊದಲ ಕೊಂಕಣಿ ಮಾತು ಇದು. ಎರಡನೆಯದನ್ನು ಇನ್ನೂ ಕಲಿತಿಲ್ಲ.

ಬೇರೆ ಯಾರಾದರೂ ಆಗಿದ್ದರೆ "ಹೂಂ" ಅಂದು ಮರೆಯುತ್ತಿದ್ದರು. ಮಾಮಾ ಮರೆಯಲಿಲ್ಲ. ದಿನಾ ಬೆಳಿಗ್ಗೆ ಕೊಡದಲ್ಲಿ ಹಳ್ಳದ ನೀರು ತಂದು ನೆಲಕ್ಕೆ ಚಿಮುಕಿಸುತ್ತಾನೆ. ಬೇಸಿಗೆಯಲ್ಲಾದರೆ ಸರಿ, ಮಳೆಗಾಲದಲ್ಲೂ! ಸೂರು ಸೋರಿ ಪಾದ ಮುಳುಗುವಷ್ಟು ನೀರು ನಿಂತಿರುತ್ತದೆ, ಇವನು ಆ ನೀರಿನೊಳಗೆ ನಿಂತು ನೀರು ಚಿಮುಕಿಸುತ್ತಿರುತ್ತಾನೆ.

"ಮಾಮಾ, ಇದೇನಿದು?" ಅಂದೆ ಒಮ್ಮೆ.

"ಅದು ಮಳಿ ನೀರವ್ವಾ. ಇದು ಡ್ಯೂಟಿ ನೀರು."

ಒಮ್ಮೆ ಮದುವೆ ನಿಶ್ಚಯವಾದ ಜೋಡಿಯೊಂದು ಫೋಟೋ ತೆಗೆಸಿಕೊಳ್ಳಲು ಬಂತು. ಹಾಳು ಗೋಡೆ ಎಂದರೆ ಈಗಿನವರಿಗೆ ಬಲು ಪ್ರೀತಿ! ಮಾಮಾ ಬಾಗಿಲಲ್ಲೇ ಬೂಟು ಬಿಚ್ಚಿಸಿದ. ಹುಡುಗಿಯ ತಲೆಯಿಂದ ಹನ್ನೊಂದು ಪಿನ್ನು ತೆಗೆಸಿದ. ಹುಡುಗನ ಬೆಲ್ಟಿನ ಬಕಲ್ ಕಬ್ಬಿಣದ್ದೆಂದು ಅದನ್ನೂ ಕಸಿದುಕೊಂಡ. ಪಾಪ, ಹುಡುಗ ಬಾಡಿಗೆಯ ಸೂಟು ತೊಟ್ಟಿದ್ದ, ಅದೂ ಸಡಿಲ. ಎಲ್ಲ ಫೋಟೋಗಳಲ್ಲೂ ಅವನ ಒಂದು ಕೈ ಹುಡುಗಿಯ ಹೆಗಲ ಮೇಲಿದ್ದರೆ ಇನ್ನೊಂದು ಕೈ ಪ್ಯಾಂಟಿನ ಮೇಲಿದೆಯಂತೆ!

ಇನ್ನೊಮ್ಮೆ ಹಳೆಯ ಕಟ್ಟಡಗಳನ್ನು ನೋಡಿ ಬರೆದುಕೊಳ್ಳುವ ಸಾಹೇಬರೊಬ್ಬರು ಬಂದು ಗಾಲಿಕಲ್ಲಿಗೆ ಒರಗಿ ಸಿಗರೇಟು ಹಚ್ಚಿದರು. ಹಚ್ಚಿದ್ದಷ್ಟೇ ಗೊತ್ತು, ತಲೆಯ ಮೇಲೆ ಒಂದು ಕೊಡ ನೀರು ಬಿತ್ತು. ಸಾಹೇಬರು ಕನ್ನಡಿಗರೇ, ಕನ್ನಡದಲ್ಲೇ ಸಿಟ್ಟಾದರು.

"ಇಲ್ಲಿ ಮದ್ದು ಎಲ್ಲಿದೆಯಯ್ಯಾ? ಮುಗಿದು ನೂರು ವರ್ಷದ ಮೇಲಾಯ್ತು!"

"ಮುಗದೈತಿ ಅಂತ ನಿಮಗ ಗೊತ್ತೈತ್ರಿ ಸಾಹೇಬ್ರ," ಅಂದ ಮಾಮಾ ಕೈ ಮುಗಿದು. "ಕಲ್ಲಿನ ಸಂದ್ಯಾಗ ಕುಂತಿರೂ ಮದ್ದಿಗೆ ಯಾರು ಹೇಳ್ಯಾರ್ರಿ?"

ಸಾಹೇಬರು ನೆನೆದ ಸಿಗರೇಟನ್ನು ಜೇಬಿಗಿಟ್ಟುಕೊಂಡು ಗೇಟಿನಾಚೆ ನಡೆದರು.

ಈ ಕಟ್ಟುಪಾಡಿನ ಭಾರವೆಲ್ಲ ಬಿದ್ದದ್ದು ನಮ್ಮ ಅತ್ತೆಯ ಮೇಲೆ. ಇವರ ಬಿಡಾರ ಗಿರಣಿಗೆ ಅಂಟಿಕೊಂಡ ಕೋಣೆ. ಹಿಂದೆ ಅಲ್ಲಿ ಮದ್ದು ಒಣಗಿಸುತ್ತಿದ್ದರಂತೆ. ಅಂದ ಮೇಲೆ ಅಲ್ಲಿ ಒಲೆ ಹೂಡಲು ಆಗುತ್ತದೆಯೇ? ಅತ್ತೆಯ ಅಡುಗೆಮನೆ ಗೇಟಿನಾಚೆ, ನಾಲ್ಕು ಗೂಟದ ಮೇಲೆ ಹೊದಿಸಿದ ತಗಡಿನ ಕೆಳಗೆ. ಕಬ್ಬಿಣದ ಹಂಚು, ಈಳಿಗೆ ಎಲ್ಲ ಅಲ್ಲೇ. ರೊಟ್ಟಿ ಬಡಿದು, ಬುಟ್ಟಿಯಲ್ಲಿಟ್ಟು, ಮಳೆಯಲ್ಲಿ ಸೆರಗು ಮುಚ್ಚಿ ಒಳಗೆ ತರುವಷ್ಟರಲ್ಲಿ ಅದು ತಣ್ಣಗಾಗಿರುತ್ತಿತ್ತು. ಮೊಣಕಾಲು ನೋವು ಶುರುವಾದ ಮೇಲೆ ಅವಳೂ ಜಗಳಕ್ಕೆ ನಿಂತಳು.

"ಈ ಮಳಿಗಾಲಕ್ಕ ಒಲಿ ಒಳಗ ಬರಬೇಕ್ರಿ. ಇಲ್ಲಾಂದ್ರ ನಾ ಕುಡಚಡೆಗೆ ಮಗಳ ಮನಿಗೆ ಹೊಂಟೆ."

"ನೀ ಹೋಗು, ಒಲಿ ಬರೂದಿಲ್ಲ."

ನ್ಯಾಯ ಹೇಳಲು ನಾನಿರುವ ಸಾಂಕೋಲೆ ಊರಿನಿಂದ ನನ್ನನ್ನು ಕರೆಸಿದರು. ನಾನು ಅತ್ತೆಯ ಪರ ಅರ್ಧ ದಿನ ವಾದಿಸಿದೆ. ಮಾಮಾ ಎಲ್ಲವನ್ನೂ ತಲೆಯಾಡಿಸುತ್ತಾ ಕೇಳಿ, ಕೊನೆಗೆ ನನ್ನ ತಲೆಯಲ್ಲಿದ್ದ ಎರಡು ಪಿನ್ನು ತೆಗೆದುಕೊಂಡು ಗೇಟಿನ ಹೊರಗಿಟ್ಟು ಬಂದ. ಅತ್ತೆ ಕುಡಚಡೆಗೆ ಹೋಗಲಿಲ್ಲ. ಒಲೆ ಒಳಗೆ ಬರಲಿಲ್ಲ. ಇಬ್ಬರ ಹಠಕ್ಕೂ ಒಂದೇ ತೂಕ ಎಂದು ನಾನು ನಗುತ್ತಾ ಬಸ್ಸು ಹತ್ತಿದೆ.

ಹೋದ ಆಷಾಢದಲ್ಲಿ ಬೀಸಿದ ಗಾಳಿಗೆ ಅತ್ತೆಯ ತಗಡು ಹಾರಿ ಹಳ್ಳದ ಪಾಲಾಯಿತು. ನೆನೆದ ಅತ್ತೆಗೆ ಚಳಿಜ್ವರ ಹಿಡಿಯಿತು. ಡಾಕ್ಟರು ಬಂದು ನೋಡಿ, ಬಿಸಿ ಗಂಜಿ ಕುಡಿಸಿ ಗುಳಿಗೆ ಕೊಡಿ, ಮಳೆಯಲ್ಲಿ ಹೊರಗೆ ಕರೆತರಬೇಡಿ ಎಂದು ಹೇಳಿ ಹೋದರು. ಮಾಮಾನ ಫೋನು ಬಂದ ಕೂಡಲೇ ಹೊರಟೆ. ತಲುಪಿದಾಗ ಮಧ್ಯಾಹ್ನ. ಮಳೆ ಸುರಿಯುತ್ತಲೇ ಇತ್ತು. ಗೇಟಿನಿಂದಲೇ ಕಂಡಿತು: ಕೋಣೆಯ ಕಿಂಡಿಯಿಂದ ಹೊಗೆ!

ಅಂತೂ ಅತ್ತೆ ಗೆದ್ದಳು ಎಂದು ನಗುತ್ತಲೇ ಓಡಿದೆ. ಹೊಸ್ತಿಲಲ್ಲಿ ಮಾಮಾನ ದನಿ ತಡೆಯಿತು.

"ಅಲ್ಲೇ ನಿಂದರು! ಒಳಗ ಕಾಲಿಡಬ್ಯಾಡ!"

"ಯಾಕ ಮಾಮಾ?"

"ಒಲಿ ಹಚ್ಚೇನಿ, ಕಾಣ್ಸೂದಿಲ್ಲೇನು? ಮದ್ದು ಒಮ್ಮಿಗೇ ಹಾರಿತಂದ್ರ? ನಿನಗ ಸಣ್ಣ ಸಣ್ಣ ಮಕ್ಕಳದಾವ. ಗೇಟಿನ ಹೊರಗ ಹೋಗಿ ನಿಂದರು."

ಅವನು ತಮಾಷೆ ಮಾಡುತ್ತಿರಲಿಲ್ಲ. ಮುಖ ಬಿಳಿಚಿತ್ತು, ಒಂದು ಕೈಯಲ್ಲಿ ತಾಮ್ರದ ಪಾತ್ರೆಯ ಗಂಜಿ ತಿರುವುತ್ತಾ ಇನ್ನೊಂದು ಕೈಯಿಂದ ಒಲೆಯ ಸುತ್ತ ನೀರು ಚಿಮುಕಿಸುತ್ತಿದ್ದ. ಕಂಬಳಿಯೊಳಗೆ ಅತ್ತೆ ಕಣ್ಣು ಮುಚ್ಚಿ ಮಲಗಿದ್ದಳು. ಇಷ್ಟು ವರ್ಷ ಹೊಟ್ಟೆ ಹಿಡಿದು ನಕ್ಕವಳು ನಾನು, ಅವತ್ತು ನನಗೆ ಅಳು ಬಂತು.

"ಹಾಂಗಾದ್ರ ನೀನೂ ಹೊರಗ ಬಾ ಮಾಮಾ."

ಮಾಮಾ ಬಗ್ಗಿ ಒಲೆ ಊದಿದ.

"ನಿಮ್ಮ ಅತ್ತಿ ಒಳಗದಾಳಲ್ಲವ್ವಾ."