ಯುದ್ಧನೌಕೆಗೆ ಹುಣಸೆಹಣ್ಣು

ಸುಳ್ಳು ಹೇಳುವುದಕ್ಕೆ ಓದು ಬೇಕಾಗಿಲ್ಲ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು; ಆದರೂ ಹೋದ ಆಯುಧಪೂಜೆಯ ದಿನ ನಿಂತ ನಿಲುವಿನಲ್ಲೇ ಒಂದು ಸುಳ್ಳು ಹೇಳಿದೆ, ತಡವರಿಸಲೂ ಇಲ್ಲ. ಅರವತ್ತೆಂಟು ವರ್ಷದ ಅಜ್ಜಿ, ಬೀದಿಯಲ್ಲಿ ಯಾರ ಮನೆಯಲ್ಲಿ ಜಗಳವಾದರೂ ಕರೆಯದಿದ್ದರೂ ಹೋಗಿ ನ್ಯಾಯ ಹೇಳಿ ಬರುವವಳು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೇಳದಿದ್ದರೆ ಅನ್ನ ಇಳಿಯುವುದಿಲ್ಲ.

ವಿಷಯ ಹಡಗಿನದು. ದೊಡ್ಡಬಳ್ಳಾಪುರಕ್ಕೆ ಹಡಗು ಎಲ್ಲಿಂದ ಬಂತು ಎಂದರೆ, ನನ್ನ ಸೊಸೆ ಸವಿತಳಿಂದ. ಅವಳು ವಿಮಾನ ನಿಲ್ದಾಣದ ಹತ್ತಿರ ಒಂದು ಆಫೀಸಿನಲ್ಲಿ ಪಾಳಿ ಕೆಲಸ ಮಾಡುತ್ತಾಳೆ. ಬೇರೆ ಸೊಸೆಯರು ಬಿಡುವಿದ್ದಾಗ ಸೀರೆಗೆ ಕುಚ್ಚು ಹಾಕುತ್ತಾರೆ. ಇವಳು ಯುದ್ಧನೌಕೆ ಕಟ್ಟುತ್ತಾಳೆ. ಮೊಳದುದ್ದದ ಪ್ಲಾಸ್ಟಿಕ್ ಹಡಗು, ಡಬ್ಬದಲ್ಲಿ ಚೂರು ಚೂರಾಗಿ ಬರುತ್ತದೆ. ಡಬ್ಬದ ಮೇಲಿನ ಚಿತ್ರದಂತೆ ಅಂಟಿಸಿದರೆ ಮುಗಿಯಿತಲ್ಲ ಎಂದರೆ, ಅದೂ ಇಲ್ಲ. "ಇದು ಹಳೇ ಯುದ್ಧದ ಕಾಲದ್ದು ಅತ್ತೆ. ಇವತ್ತಿನವರೆಗೂ ಇಟ್ಕೊಂಡಿದ್ರೆ ಹೆಂಗೆ ಬದಲಾಯಿಸಿರ್ತಿದ್ರೋ ಹಂಗೆ ಮಾಡ್ತಿದ್ದೀನಿ" ಎಂದಳು. ಹಿಂಭಾಗದ ಫಿರಂಗಿಗಳನ್ನು ಸಣ್ಣ ಗರಗಸದಲ್ಲಿ ಕೊಯ್ದು ತೆಗೆದು ಅಲ್ಲಿ ಹೆಲಿಕಾಪ್ಟರ್ ಇಳಿಯುವ ಜಾಗ ಮಾಡಿದಳು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕ್ಷಿಪಣಿಯ ಪೆಟ್ಟಿಗೆ ಮಾಡಿದಳು, ಇಂಜೆಕ್ಷನ್ ಸೂಜಿಯಿಂದ ಕಂಬ ನಿಲ್ಲಿಸಿದಳು. ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಹಿಡಿದು ಕೂದಲಿಗಿಂತ ಸಣ್ಣಗೆ ಎಳೆದು ತಂತಿ ಕಟ್ಟಿದಳು. "ಹಳೇ ಮನೆಗೆ ಗ್ರಾನೈಟ್ ಹಾಕ್ಸಿದಂಗಾ?" ಎಂದು ಕೇಳಿದೆ. "ಹಂಗೇ ಅನ್ಕೊಳ್ಳಿ" ಎಂದಳು. ಐದು ತಿಂಗಳ ಕೆಲಸ. ಹಬ್ಬ ಕಳೆದ ಮೇಲಿನ ಭಾನುವಾರ ಬೆಂಗಳೂರಿನಲ್ಲಿ ಇಂಥವುಗಳ ಪ್ರದರ್ಶನವಿತ್ತು.

ನಾನು ಮಗ್ಗದ ಮನೆಯಲ್ಲಿ ಬಾಳಿದವಳು. ನಮ್ಮವರು ಇದ್ದಾಗ ನಾಲ್ಕು ಮಗ್ಗ ಓಡುತ್ತಿದ್ದವು. ಆಯುಧಪೂಜೆಗೆ ನಾಲ್ಕನ್ನೂ ನಿಲ್ಲಿಸಿ, ಚಕ್ರಗಳ ಹಲ್ಲು ಹಲ್ಲಿನ ಸಂದಿಯ ಜಿಡ್ಡನ್ನೂ ಕೆರೆದು ತೆಗೆದ ಮೇಲೆಯೇ ವಿಭೂತಿ. ಕೊಳೆಯ ಮೇಲೆ ಕುಂಕುಮ ಇಟ್ಟವಳಲ್ಲ ನಾನು. ಆ ಬೆಳಿಗ್ಗೆ ಸವಿತ ಪಾಳಿಗೆ ಹೋಗಿದ್ದಳು, ಮಗ ಹೊರಗೆ ಸ್ಕೂಟರ್ ತೊಳೆಯುತ್ತಿದ್ದ. ಮಚ್ಚು, ಈಳಿಗೆಮಣೆ, ಮಿಕ್ಸಿ ಎಲ್ಲವನ್ನೂ ಸಾಲಾಗಿಟ್ಟೆ. ಆಗ ಹೊಳೆಯಿತು: ಮಿಕ್ಸಿಗೆಲ್ಲ ಪೂಜೆ, ಮನೆಯಲ್ಲಿ ನಿಜವಾದ ಆಯುಧ ಅಂತ ಇರುವುದು ಒಂದೇ, ಅದನ್ನು ಬಿಡುವುದೇ? ರೂಮಿಗೆ ಹೋಗಿ ನೋಡಿದರೆ ಹಡಗಿನ ಮೈತುಂಬ ತುಕ್ಕು ಸೋರಿದೆ, ಚಿಮಣಿಗೆ ಮಸಿ. ಓದಿದ ಹುಡುಗಿ, ಇಷ್ಟು ಗಲೀಜಾಗಿ ಇಟ್ಟುಕೊಂಡಿದ್ದಾಳಲ್ಲ ಎನಿಸಿತು. ಹುಣಸೆಹಣ್ಣು ಕಿವುಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ನಲ್ಲಿಯ ಕೆಳಗೆ ಹಿಡಿದೆ. ನೂಲಿನಂಥದ್ದು ಏನೋ ಮೋರಿಗೆ ಹೋಯಿತು. ಜೇಡರ ಬಲೆ ಅಂದುಕೊಂಡೆ. ಮುಂದಿನ ಫಿರಂಗಿ ಒಂದು ಕಿತ್ತು ಬಂತು, ಅನ್ನದ ಅಗುಳು ಹಾಕಿ ಕೂರಿಸಿದೆ. ಮೂತಿಗೆ ಮೂರೆಳೆ ವಿಭೂತಿ, ಕ್ಷಿಪಣಿಯ ಪೆಟ್ಟಿಗೆಯ ಮೇಲೊಂದು ಚೆಂಡುಹೂವು. ಚೆನ್ನಾಗಿಯೇ ಕಾಣುತ್ತಿತ್ತು.

ಸಂಜೆ ಸವಿತ ಬಂದು ನೋಡಿದವಳು ಹಾಗೆಯೇ ನೆಲದ ಮೇಲೆ ಕೂತಳು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು.

"ಆ ತುಕ್ಕು ನಾನೇ ಬಳಿದಿದ್ದು ಅತ್ತೆ. ಒಂದೊಂದೇ ಗೆರೆ, ಹಲ್ಲುಕಡ್ಡೀಲಿ. ಸಮುದ್ರದಲ್ಲಿರೋ ಹಡಗಿಗೆ ತುಕ್ಕು ಹಿಡಿಯಲ್ವಾ? ಮೂರು ವಾರ ಹಿಡೀತು. ಯಾರು ತೊಳೆದಿದ್ದು?"

"ರತ್ನಮ್ಮ ಇರಬೇಕು ಕಣಮ್ಮ. ಪಾತ್ರೆ ಜೊತೆ ತೊಳೆದ್ಬಿಟ್ಟಿದ್ದಾಳೆ. ನಾನು ಬರೀ ವಿಭೂತಿ ಇಟ್ಟೆ."

ರತ್ನಮ್ಮ ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿ ಪಾತ್ರೆ ತೊಳೆದು ಕಸ ಗುಡಿಸುವವಳು. ಸವಿತ ಅವಳನ್ನು ಏನೂ ಕೇಳಲಿಲ್ಲ. ಬೈದು ಏನು ಪ್ರಯೋಜನ ಎಂದು ಮಾರನೆಯ ದಿನ ರೂಮಿಗೆ ಬೀಗ ಹಾಕಿದಳು, ಅಷ್ಟೇ.

"ಆ ರೂಮಿಗೆ ಬೀಗ ಯಾಕಮ್ಮ? ಏನಾದ್ರೂ ಕಳುವಾಯ್ತಾ?" ಎಂದು ರತ್ನಮ್ಮ ನನ್ನನ್ನು ಕೇಳಿದಳು.

"ಧೂಳು ಬರ್ತದೆ ಅಂತ ಕಣೆ" ಎಂದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಅಂದಿನಿಂದ ರತ್ನಮ್ಮ ಮನೆಗೆ ಹೊರಡುವಾಗ ಬಾಗಿಲಲ್ಲಿ ನಿಂತು, ನನ್ನ ಎದುರಿಗೇ ಸೆರಗು ಕೊಡವಿ ಹೋಗತೊಡಗಿದಳು. ಏನನ್ನೂ ಒಯ್ಯುತ್ತಿಲ್ಲ ಎಂದು ತೋರಿಸಲು. ನಾನು ಪ್ರತಿ ಸಲವೂ ಬೇರೆ ಕಡೆ ನೋಡಿದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ವಾರ ತಳ್ಳಿದೆ.

ಸವಿತ ಮೋರಿಗೆ ಹೋದ ತಂತಿಗಳನ್ನು ಹೊಸದಾಗಿ ಎಳೆದು ಅಂಟಿಸಿದಳು. ತುಕ್ಕು ಬಳಿಯಲು ಹೊತ್ತಿರಲಿಲ್ಲ. ದುರಸ್ತಿ ಮುಗಿಸಿ ಆಗಷ್ಟೇ ನೀರಿಗಿಳಿದ ಹಡಗು ಎಂದು ಚೀಟಿ ಬರೆದಿಟ್ಟಳು. ಮೇಜು ಕಾಯಲಿಕ್ಕೆಂದು ಪ್ರದರ್ಶನಕ್ಕೆ ನನ್ನನ್ನೂ ಕರೆದುಕೊಂಡು ಹೋದಳು. ಅವಳು ಕಾಫಿ ತರಲು ಹೋಗಿದ್ದಾಗ ಕನ್ನಡಕದ ದೊಡ್ಡ ಮನುಷ್ಯರೊಬ್ಬರು ಬಗ್ಗಿ ಬಗ್ಗಿ ನೋಡಿದರು.

"ಎಲ್ಲರೂ ತುಕ್ಕು ಹಿಡಿಸಿ ಇಟ್ಟಿದಾರೆ. ಇದೊಂದು ನೋಡಿ, ಎಷ್ಟು ಚೊಕ್ಕಟವಾಗಿದೆ. ಇದು ಸುಲಭ ಅಲ್ಲ."

"ಹುಣಸೆಹಣ್ಣು ಹಾಕಿ ತಿಕ್ಕಿದೆ ಸ್ವಾಮಿ" ಎಂದುಬಿಟ್ಟೆ. "ನಾನೇ."

ತಿರುಗಿ ನೋಡಿದರೆ ಸವಿತ ಎರಡು ಕೈಯಲ್ಲೂ ಕಾಫಿ ಹಿಡಿದು ನಿಂತಿದ್ದಳು. ಒಂದು ವಾರ ಮನಸ್ಸಾಕ್ಷಿ ಬಡಿದುಕೊಂಡರೂ ಬಿಡದ ಬಾಯಿ, ಯಾರೋ ಒಬ್ಬರು ಹೊಗಳಿದ ತಕ್ಷಣ ಬಿಟ್ಟಿತ್ತು.

"ಹಡಗು ಹೋದ್ರೆ ಹೋಯ್ತು ಬಿಡಿ ಅತ್ತೆ" ಎಂದಳು ಅವಳು. "ರತ್ನಮ್ಮನ ಮುಖ ನೋಡಿ ನಾನು ಒಂದು ವಾರದಿಂದ ಸರಿಯಾಗಿ ಮಾತಾಡ್ಸಿಲ್ಲ."

ಮಾರನೆಯ ದಿನ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ನಿಂತು ರತ್ನಮ್ಮನಿಗೆ ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಬಾಣಲೆ ಕೆಳಗಿಟ್ಟು, "ನಾನ್ ನಿಮಗೇನ್ ಮಾಡಿದ್ದೆ ಅಮ್ಮ?" ಎಂದಳು. ಬೀದಿಗೆಲ್ಲ ನ್ಯಾಯ ಹೇಳುವ ನಾನು ಆ ಬಾಣಲೆ ಎತ್ತಿಕೊಂಡು ತಿಕ್ಕತೊಡಗಿದೆ.

ಸೆರಗು ಕೊಡವುವುದನ್ನು ಅವಳು ನಿಲ್ಲಿಸಿದ್ದಾಳೆ. ರೂಮಿನ ಬೀಗ ಮಾತ್ರ ಹಾಗೆಯೇ ಇದೆ, ಸವಿತ ಕೊಟ್ಟ ಕೀಲಿಕೈ ರತ್ನಮ್ಮನ ಸೊಂಟದಲ್ಲಿದೆ. ಒಳಗೆ ಇನ್ನೊಂದು ಹಡಗು ತಯಾರಾಗುತ್ತಿದೆಯಂತೆ. ಎಲ್ಲಿಯವರೆಗೆ ಬಂದಿದೆ ಎಂದು ಅವಳನ್ನೇ ಕೇಳಬೇಕು. ಕೇಳಲು ನನಗೆ ಇನ್ನೂ ಮುಖವಿಲ್ಲ.