ಬಿಸಿಲು ಮೇಷ್ಟ್ರು ನಿಂತು ತೋರಿಸಿದ್ದು

ಮದುವೆಯಾಗಲಿರುವ ಹುಡುಗನಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆ ಸಂಜೆಯ ಫಜೀತಿಯೆಲ್ಲ ಶುರುವಾದದ್ದು ಅಲ್ಲಿಂದಲೇ. ಜೇಬಿನಲ್ಲಿಟ್ಟರೆ ಬಸ್ಸಿಗೆ ಕಾಯುವವನಂತೆ ಕಂಡ, ಕಟ್ಟಿಕೊಂಡರೆ ಜಗಳಕ್ಕೆ ಬಂದವನಂತೆ ಕಂಡ. ಹುಡುಗಿಯ ಹೆಗಲ ಮೇಲಿಡಪ್ಪ ಎಂದರೆ, ಕಾದ ಕಾವಲಿ ಮುಟ್ಟಿದವನ ಹಾಗೆ ಹಿಂದಕ್ಕೆಳೆದುಕೊಂಡ.

ಅವನೆದುರು ಕ್ಯಾಮೆರಾ ಹಿಡಿದು ನಿಂತಿದ್ದವರು ಬಿಸಿಲು ಮೇಷ್ಟ್ರು. ಶಾಲೆಯ ಮೇಷ್ಟ್ರೇನಲ್ಲ, ಫೋಟೋಗ್ರಾಫರು. ಫ್ಲಾಶ್ ಮುಟ್ಟುವವರಲ್ಲ. ಜೋಡಿಗಳನ್ನು ಕೆರೆ ದಂಡೆಗೆ ಕರೆತಂದು, ಸಂಜೆಯ ಓರೆ ಬಿಸಿಲಿನಲ್ಲಿ ನಿಲ್ಲಿಸಿ, ಹೇಗೆ ನಿಲ್ಲಬೇಕೆಂದು ತಾವೇ ನಿಂತು ಪಾಠ ಹೇಳುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಅವರ ಕಣ್ಣನ್ನು ಮಾತ್ರ ಮೆಚ್ಚಲೇಬೇಕು. ಮರದ ನೆರಳಿನ ಅಂಚಿಗೆ ತುಸು ಸರಿಸಿ, ಗಲ್ಲವನ್ನು ಒಂದಿಷ್ಟು ತಿರುಗಿಸಿದರೆಂದರೆ ಎಂಥ ಸಪ್ಪೆ ಮುಖಕ್ಕೂ ಕಳೆ ಬರುತ್ತಿತ್ತು.

ಆದರೆ ಇದು ಯಾರಿಗೆ ಗೊತ್ತು? ಊರಿನ ಮದುವೆ ಹಾಲಿನ ಬಾಗಿಲಲ್ಲಿ ದೊಡ್ಡದಾಗಿ ತೂಗುತ್ತಿದ್ದದ್ದು ಎದುರು ಬೀದಿಯ ಸ್ಟುಡಿಯೋದವನ ಫೋಟೋ. ಫ್ಲಾಶ್ ಹೊಡೆತಕ್ಕೆ ಬೆಚ್ಚಿಬಿದ್ದು ಬಿಳಿಚಿಕೊಂಡ ಒಂದು ಜೋಡಿ. ಅದನ್ನು ನೋಡಿದವರೆಲ್ಲ ಅವನ ಹತ್ತಿರವೇ ಹೋಗುತ್ತಿದ್ದರು. ಆ ಬಾಗಿಲು ದಾಟುವಾಗೆಲ್ಲ ಮೇಷ್ಟ್ರು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು.

ಇವತ್ತಿನ ಹುಡುಗಿ ಅದೇ ಹಾಲಿನ ಯಜಮಾನರ ಮಗಳು. ಫೋಟೋ ಮಗಳಿಗೆ ಒಪ್ಪಿಗೆಯಾದರೆ ಹಳೆಯದನ್ನು ಇಳಿಸಿ ಮೇಷ್ಟ್ರದನ್ನು ಹಾಕಿಸುತ್ತೇನೆ, ಇಲ್ಲವಾದರೆ ಇದ್ದದ್ದೇ ಇರಲಿ ಎಂದು ಯಜಮಾನರು ಹೇಳಿ ಕಳಿಸಿದ್ದರು. ಮೇಷ್ಟ್ರ ಬಾಳೆಲ್ಲ ಈಗ ಆ ಗೋಡೆಯ ಮೊಳೆಗೆ ನೇತುಬಿದ್ದಿತ್ತು.

ಹುಡುಗಿಯ ಜೊತೆಗೆ ಚಿಕ್ಕಮ್ಮನೂ ಬಂದಿದ್ದರು. ಕೂದಲು ಸರಿಮಾಡುವ ನೆಪದಲ್ಲಿ ಪ್ರತಿ ಫೋಟೋದಲ್ಲೂ ಅವರ ಅರ್ಧ ಮೈ ತೂರಿಕೊಂಡಿತು. ಅವರನ್ನು ಹೇಗೋ ಪುಸಲಾಯಿಸಿ ಕಲ್ಲುಬೆಂಚಿನ ಮೇಲೆ ಕೂರಿಸುವಷ್ಟರಲ್ಲಿ, ವಾಕಿಂಗಿಗೆ ಬಂದ ನಿವೃತ್ತ ಡ್ರಿಲ್ ಮಾಸ್ತರರೊಬ್ಬರು ನಿಂತರು. ಎದೆ ಮುಂದೆ, ಹೊಟ್ಟೆ ಒಳಗೆ ಎಂದು ಹುಡುಗನಿಗೆ ಅಪ್ಪಣೆ ಕೊಟ್ಟರು. ಬಡಪಾಯಿ ಹುಡುಗ ಅದನ್ನೂ ಪಾಲಿಸಿ, ಪಥಸಂಚಲನಕ್ಕೆ ಸಿದ್ಧನಾದ. ಅತ್ತ ಸೂರ್ಯ ನೀರಿನ ಟ್ಯಾಂಕಿನ ಹಿಂದೆ ಇಳಿಯುವ ಆತುರದಲ್ಲಿದ್ದ.

ಹುಡುಗಿ ಮೇಷ್ಟ್ರ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಬಂದಾಗಿನಿಂದ ಇವರು ತಮ್ಮ ಬೂಟು ನೋಡ್ಕೊಂಡೇ ನಿಂತಿದ್ದಾರೆ ಸರ್. ನಾನು ನೋಡೋಕೆ ಅಷ್ಟೂ ಚೆನ್ನಾಗಿಲ್ವಾ?"

ಮೇಷ್ಟ್ರು ಕ್ಯಾಮೆರಾ ಕೆಳಗಿಳಿಸಿದರು. "ಹಾಗೆಲ್ಲ ಅನ್ಕೋಬಾರದಮ್ಮ. ಅವನಿಗೆ ನಾಚಿಕೆ, ಅಷ್ಟೇ. ತಗೋ, ಕ್ಯಾಮೆರಾ ಹಿಡ್ಕೋ. ಎಲ್ಲಾ ಹೊಂದಿಸಿಟ್ಟಿದ್ದೀನಿ. ನಿನ್ನ ಜಾಗದಲ್ಲಿ ನಾನು ನಿಂತು ತೋರಿಸ್ತೀನಿ, ನೀನು ಅದರೊಳಗಿಂದ ನೋಡು."

ಹಾಗೆಂದು ಹುಡುಗನ ಪಕ್ಕಕ್ಕೆ ಹೋದರು. ಪೊದೆ ಮೀಸೆ, ಮುಂದಕ್ಕೆ ಬಂದ ಹೊಟ್ಟೆ, ಹೆಗಲಲ್ಲಿ ಚೀಲ. ಮರಗಟ್ಟಿದ ಆ ಕೈಯನ್ನು ಎತ್ತಿ ತಮ್ಮ ಸೊಂಟದ ಮೇಲಿಟ್ಟುಕೊಂಡರು. ತಲೆಯನ್ನು ಅವನ ಹೆಗಲಿಗೆ ಒರಗಿಸಿ, ಕಣ್ಣು ಅರ್ಧ ಮುಚ್ಚಿದರು. ಬೇರೆ ಯಾರಾದರೂ ಆಗಿದ್ದರೆ ಸಂಕೋಚದಿಂದ ಅರೆಬರೆ ಮಾಡಿ ಮುಗಿಸುತ್ತಿದ್ದರು. ಮೇಷ್ಟ್ರು ಹಾಗಲ್ಲ, ಕಸುಬಿಗೆ ನಿಂತರೆ ಮೈಮರೆಯುವವರು. ಆ ಗಳಿಗೆಯಲ್ಲಿ ಅವರ ಮುಖದಲ್ಲಿ ನಿಜವಾಗಿಯೂ ಮದುವಣಗಿತ್ತಿಯ ಕಳೆಯಿತ್ತು.

ಹುಡುಗಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆ ನಗು ಕೇಳಿ ಹುಡುಗ ಬೂಟಿನಿಂದ ತಲೆಯೆತ್ತಿದ. ಎತ್ತಿದವನು ಅವಳನ್ನೇ ನೋಡುತ್ತ ಕೈಯನ್ನೂ ಮರೆತ, ಎದೆಯನ್ನೂ ಮರೆತ. ಡ್ರಿಲ್ ಮಾಸ್ತರರು ಕೂಡ ಅಪ್ಪಣೆ ಕೊಡುವುದನ್ನು ಮರೆತರು.

"ಸರ್, ಅಲ್ಲಾಡಬೇಡಿ," ಎಂದಳು ಹುಡುಗಿ. ಕ್ಯಾಮೆರಾ ಕ್ಲಿಕ್ ಎಂದಿತು.

ಈಗ ಬಂತು ನೋಡು ಭಂಗಿ ಎಂದು ಮೇಷ್ಟ್ರು ಬಿದ್ದಂಬೀಳ ಓಡಿಬಂದು ಕ್ಯಾಮೆರಾ ಇಸಿದುಕೊಳ್ಳುವಷ್ಟರಲ್ಲಿ, ಸೂರ್ಯ ಟ್ಯಾಂಕಿನ ಹಿಂದೆ ಮಾಯವಾಗಿದ್ದ. ಅಲ್ಲಿಗೆ ಮುಗಿಯಿತು ಎಂದುಕೊಂಡರು. ತೆಗೆದದ್ದನ್ನೆಲ್ಲ ಯಜಮಾನರಿಗೆ ಕಳಿಸಿ, ಊಟವನ್ನೂ ಮಾಡದೆ ಮುಸುಕೆಳೆದು ಮಲಗಿದರು.

ಆದರೆ ಆ ವಾರವೇ ಮದುವೆ ಹಾಲಿನಿಂದ ಫೋನು ಬಂತು. ಫೋಟೋ ಮಗಳಿಗೆ ತುಂಬ ಹಿಡಿಸಿದೆ, ಹಳೆಯದನ್ನು ಇಳಿಸಿ ಹೊಸದು ಹಾಕಿಯಾಯಿತಂತೆ. ಮೇಷ್ಟ್ರು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿದರು.

ಬಾಗಿಲಲ್ಲಿ ಜನ ಗುಂಪುಗಟ್ಟಿದ್ದರು. ಹೊನ್ನಿನ ಬಿಸಿಲು, ಹಿಂದೆ ಮಿನುಗುವ ನೀರು. ಹುಡುಗನ ಕಣ್ಣಲ್ಲಿ ತುಂಬಿ ತುಳುಕುವ ಪ್ರೀತಿ. ಅವನ ಕೈ ಎಷ್ಟು ಸಹಜವಾಗಿ, ಎಷ್ಟು ಮುದ್ದಾಗಿ ಕೂತಿತ್ತೆಂದರೆ ನೋಡಿದವರು ಆಹಾ ಎನ್ನಬೇಕು. ಕೂತಿದ್ದದ್ದು ಮಾತ್ರ ಮೇಷ್ಟ್ರ ಸೊಂಟದ ಮೇಲೆ.

"ಬೇರೆ ಹಾಕೋಣ ಅಂದೆ, ಮಗಳು ಕೇಳಲಿಲ್ಲ," ಎಂದರು ಯಜಮಾನರು. "ಅವರು ನನ್ನನ್ನ ನೋಡ್ತಿರೋ ಫೋಟೋ ಇದೊಂದೇ ಅಪ್ಪ, ಅಂತಾಳೆ."

ಮೇಷ್ಟ್ರು ಬಹಳ ಹೊತ್ತು ನೋಡಿದರು. "ಬೆಳಕು ಚೆನ್ನಾಗಿ ಬಂದಿದೆ," ಎಂದರು. ಅದು ಸುಳ್ಳಾಗಿರಲಿಲ್ಲ.

ಮರುದಿನದಿಂದಲೇ ಜೋಡಿಗಳು ಮೇಷ್ಟ್ರನ್ನು ಹುಡುಕಿಕೊಂಡು ಬರತೊಡಗಿದರು. ಮೊದಲ ಜೋಡಿಯ ಹುಡುಗ ಕೆರೆ ದಂಡೆಯಲ್ಲಿ ನಿಂತು, ಹಾಲಿನ ಬಾಗಿಲಲ್ಲಿದೆಯಲ್ಲ, ಥೇಟ್ ಅದೇ ಥರ ಬೇಕು ಸರ್ ಎಂದ. ಮೇಷ್ಟ್ರ ಎದೆ ಉಬ್ಬಿತು. ಬಿಸಿಲು ನೋಡಿ, ನೆರಳು ನೋಡಿ, ಎಲ್ಲವನ್ನೂ ಹೊಂದಿಸಿ ಕ್ಯಾಮೆರಾ ಕಣ್ಣಿಗೇರಿಸಿದರು.

ಹುಡುಗಿ ಹತ್ತಿರ ಬಂದು ಅದನ್ನು ಅವರ ಕೈಯಿಂದ ಮೆತ್ತಗೆ ತೆಗೆದುಕೊಂಡಳು.

"ನೀವು ಆ ಕಡೆ ಸರ್," ಎಂದಳು.

ಹುಡುಗ ಆಗಲೇ ಕೈ ಚಾಚಿಕೊಂಡು ಕಾಯುತ್ತಿದ್ದ.